ಅಂಕೆ ಅಜ್ಜಿಯ ಕಿಟಕಿ

ಹಜಾರದಲ್ಲಿ ಬಡಗಿ ಅತ್ತೆಯ ಶವಪೆಟ್ಟಿಗೆಯ ಮುಚ್ಚಳಕ್ಕೆ ತಿರುಪು ಬಿಗಿಯುತ್ತಿದ್ದಾಗ ಸೊಸೆ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯೊಳಗೆ ಮೊಣಕೈವರೆಗೆ ಕೈಯಿಳಿಸಿ ತಡಕುತ್ತಿದ್ದಳು. ಹಿಟ್ಟಿನಲ್ಲಿ ಹಿಟ್ಟಲ್ಲದೆ ಬೇರೇನೂ ಇರಲಿಲ್ಲ. ಸಕ್ಕರೆ ಡಬ್ಬಿ ನೋಡಿಯಾಗಿತ್ತು. ಅತ್ತೆಯ ದಿಂಬಿನ ಚೀಲ, ಹಳೆಯ ಇಸ್ತ್ರಿಪೆಟ್ಟಿಗೆಯ ಹೊಟ್ಟೆ, ಕಿಟಕಿಯ ಪಕ್ಕದ ಗೂಡು, ಎಲ್ಲ ಜಾಲಾಡಿಯಾಗಿತ್ತು. ಅತ್ತೆಯ ಫೋನು ಮಾತ್ರ ಹೇಳಹೆಸರಿಲ್ಲದಂತೆ ಮಾಯವಾಗಿತ್ತು.

"ಏನೇ ಅದು, ಈಗ ಹಿಟ್ಟಿಗೆ ಕೈ ಹಾಕಿದೀಯ?" ಬಾಗಿಲಲ್ಲಿ ಗಂಡ ನಿಂತಿದ್ದ. ಬೇಕರಿಯ ಒಲೆಯ ಮುಂದೆ ವರ್ಷಗಟ್ಟಲೆ ನಿಂತು ಕೆಂಪಾದ ಮುಖ ಇವತ್ತು ಅತ್ತು ಇನ್ನಷ್ಟು ಕೆಂಪಾಗಿತ್ತು. "ಹೊರಡೋ ಹೊತ್ತಾಯ್ತು."

"ಏನಿಲ್ಲ ರೀ. ನೀವು ನಡೀರಿ, ಬಂದೆ."

ಫೋನು ಹುಡುಕುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಅತ್ತೆ ಇನ್ನೂ ಹೊಸಿಲು ದಾಟಿಲ್ಲ, ಸೊಸೆಗೆ ಆಗಲೇ ಫೋನಿನ ಚಿಂತೆ ಎಂದು ಆಡಿಕೊಳ್ಳುವ ಬಾಯಿಗಳೇನು ಕಮ್ಮಿಯೇ? ಕರೆ ಮಾಡಿ ನೋಡೋಣವೆಂದರೆ, ಕರೆಯ ಸದ್ದನ್ನು ಅತ್ತೆ ಎಂದೋ ಮುಚ್ಚಿಸಿಬಿಟ್ಟಿದ್ದರು. ಮೆಸೇಜು ಬಂದಾಗ ಮಾತ್ರ ಅದು ಕೂಗುತ್ತಿತ್ತು, ಅದೂ ಹುಂಜದ ಹಾಗೆ. ಒಂದು ಮೆಸೇಜು ಕಳಿಸಿದರೆ ಫೋನೇನೋ ಸಿಕ್ಕೀತು. ಆದರೆ ಹಜಾರದ ತುಂಬ ತಲೆ ತಗ್ಗಿಸಿ ಕೂತ ಜನರ ನಡುವೆ ಹುಂಜ ಕೂಗಿದರೆ? ಸೊಸೆ ಹಿಟ್ಟು ಕೊಡವಿ ಕೈ ತೊಳೆದಳು.

ಅಡುಗೆಮನೆಯ ಆ ಕಿಟಕಿ ನೇರವಾಗಿ ಬೀದಿಗೆ ತೆರೆದುಕೊಳ್ಳುತ್ತಿತ್ತು. ಸರಳಿನಾಚೆ ಛತ್ರಿ ಮಾವ ನಿಂತಿದ್ದ. ಯಾವಾಗಲೂ ನಿಲ್ಲುವ ಜಾಗದಲ್ಲೇ, ಯಾವಾಗಲೂ ನಿಲ್ಲುವ ಹಾಗೆಯೇ, ಒಂದು ಕೈ ಸರಳಿನ ಮೇಲಿಟ್ಟು. ಬೀದಿಯ ಕೊನೆಯಲ್ಲಿ ಕೊಡೆ ರಿಪೇರಿ ಮಾಡುವವನು. ಎರಡೂ ಕಣ್ಣಿಗೆ ಪೊರೆ ಬಂದು, ಈಗ ಕಡ್ಡಿಗೆ ಬಟ್ಟೆ ಹೊಲಿಯಹೋಗಿ ಬಟ್ಟೆಗೆ ಬೆರಳು ಹೊಲಿದುಕೊಳ್ಳುವ ಸ್ಥಿತಿ.

"ಮಾವ," ಸೊಸೆ ದನಿ ತಗ್ಗಿಸಿದಳು. "ಇವತ್ತೇ ಅಲ್ವಾ?"

"ಏನು ಇವತ್ತು? ಏನಿಲ್ಲಮ್ಮ." ಅವನು ಮುಖ ತಿರುಗಿಸಿದ. "ಸುಮ್ನೆ ಬಂದೆ. ಕಾಲು ತಾನಾಗೇ ಇಲ್ಲಿಗೆ ಬಂದ್ಬಿಡುತ್ತೆ."

"ಸುಳ್ಳು ಹೇಳ್ಬೇಡಿ. ನಾಳೆ ತಾನೆ ನಿಮ್ಮ ಆಪರೇಷನ್?"

ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ಕುಯ್ಯಿಸಿಕೊಳ್ಳಬೇಕಾದರೆ ಮೊದಲು ಆನ್‌ಲೈನಿನಲ್ಲಿ ನೀನು ನೀನೇ ಹೌದೇ ಎಂದು ಸಾಬೀತಾಗಬೇಕು. ಯಂತ್ರ ಮೊದಲು ಬೆರಳು ಕೇಳಿತ್ತು. ಕೊಡೆಯ ತಂತಿ ಎಳೆದೆಳೆದು ಅವನ ಬೆರಳಿನ ಗೆರೆಗಳು ಅಳಿಸಿಹೋಗಿದ್ದವು. ಆಮೇಲೆ ಕಣ್ಣು ಕೇಳಿತ್ತು. ಪೊರೆಯ ಹಿಂದಿನ ಕಣ್ಣು ಯಂತ್ರಕ್ಕೆ ಕಾಣಲಿಲ್ಲ. "ಕಣ್ಣು ಸರಿಮಾಡ್ಸೋಕೆ ಬಂದೋನಿಗೆ ಮೊದ್ಲು ಕಣ್ಣು ತೋರ್ಸು ಅಂತಾರಲ್ಲೋ, ಇದ್ಯಾವ ಸೀಮೆ ನ್ಯಾಯ!" ಎಂದು ಅವನು ಸೇವಾಕೇಂದ್ರದಲ್ಲಿ ಕೂಗಾಡಿ ಬಂದಿದ್ದ. ಹಾಗೇ ಸರದಿ ಕೈತಪ್ಪಿತ್ತು. ಮತ್ತೆ ಬಂದದ್ದೂ ತಪ್ಪಿತ್ತು. ಈಗ ಉಳಿದದ್ದು ಒಂದೇ ದಾರಿ: ಫೋನಿಗೆ ಬರುವ ಅಂಕೆ. ಇವತ್ತು ಮಧ್ಯಾಹ್ನ ಕೇಂದ್ರದ ಮೇಡಂ ಅದನ್ನು ಕಳಿಸುವುದು, ಅವನು ತಿರುಗಿ ಹೇಳುವುದು, ಅಷ್ಟೇ. ಈ ಸರದಿಯೂ ತಪ್ಪಿದರೆ ಮುಂದಿನದು ಯಾವಾಗಲೋ. ಅಷ್ಟರಲ್ಲಿ ಪೊರೆ ಗಟ್ಟಿಯಾಗಿ ಕಣ್ಣೇ ಕೈಬಿಡಬಹುದು ಎಂದು ಡಾಕ್ಟರು ಹೇಳಿದ್ದರು.

ಅಂಕೆ ಬರುವುದು ಅವನ ಫೋನಿಗಲ್ಲ. ಅತ್ತೆಯ ಫೋನಿಗೆ.

"ಮೊನ್ನೆ ಸಂಜೆ ಅಕ್ಕ ಇಲ್ಲೇ ಕೂತು ಹೇಳಿದ್ಲು," ಛತ್ರಿ ಮಾವ ಸರಳನ್ನೇ ನೋಡುತ್ತ ಅಂದ. "ಛತ್ರೀ, ನಾಡಿದ್ದು ಮಧ್ಯಾಹ್ನ ಬಾ, ನಿನ್ನ ಕಣ್ಣಿನ ಅಂಕೆ ನಾನು ಕೊಡ್ತೀನಿ ಅಂತ. ಬಿಡು. ಹೋಗೋರ ಹತ್ರ ಮಾತು ಉಳಿಸ್ಕೊಳ್ಳಿ ಅಂತ ಕೇಳೋಕಾಗುತ್ತಾ?"

ಹಜಾರದಿಂದ ಬಡಗಿಯ ದನಿ ಬಂತು. "ಆಯ್ತಪ್ಪ. ಎತ್ತೋಣ್ವಾ?"

*

ಬೀದಿಗೆ ಬೀದಿಯೇ ಒಬ್ಬ ಮುದುಕಿಯ ಫೋನಿಗೆ ಜೋತುಬಿದ್ದದ್ದಾದರೂ ಹೇಗೆ ಎಂದು ಹೊಸದಾಗಿ ಬಂದವರು ಕೇಳುವುದಿತ್ತು. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸ ತನ್ನ ಪ್ರಾಣ ಬಚ್ಚಿಟ್ಟ ಕತೆಯನ್ನಾದರೂ ನಂಬಬಹುದು, ಇದನ್ನು ನಂಬುವುದು ಕಷ್ಟ.

ಆಗ ಮನೆಯ ಮುಂಭಾಗದಲ್ಲಿ ಲಾಂಡ್ರಿಯಿತ್ತು. ಅತ್ತೆಯ ಗಂಡ, ಅಂದರೆ ಸೊಸೆಯ ಮಾವ, ಒಗೆಯುವುದು, ಅತ್ತೆ ಒಣಗಿಸಿ ಮಡಿಸಿ ಗಂಟು ಕಟ್ಟುವುದು. ಗಂಟುಗಂಟಿಗೂ ಒಂದು ಬಟ್ಟೆಯ ಚೂರು, ಚೂರಿನ ಮೇಲೆ ಒಂದು ಅಂಕೆ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಅಂಕೆ ಮಾತ್ರ ಅಂಗೈ ಗೆರೆಯ ಹಾಗೆ ಬರುತ್ತಿತ್ತು. ಬಟ್ಟೆ ಒಣಗಿತೆಂದರೆ ಕಿಟಕಿಗೆ ಬಂದು, ಸರಳು ಹಿಡಿದು, ಕತ್ತೆತ್ತಿ ಕೂಗುತ್ತಿದ್ದರು: "ನಾಲ್ಕೂ... ಏಳೂ... ಒಣಗಿದೆ, ತಗೊಂಡ್ ಹೋಗ್ರಪ್ಪೋ!" ಬೀದಿಯ ಆ ಕೊನೆಯಲ್ಲಿ ನಾಲ್ಕು ಏಳರವರು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಬರುತ್ತಿದ್ದರು. ಫೋನು ಬಂದ ಹೊಸತರಲ್ಲಿ ಮಾವ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಅದರ ನಂಬರು ಬರೆಸಿದ್ದರು. ಅತ್ತೆ ಮಾತ್ರ ಕೂಗುವುದನ್ನು ಬಿಡಲಿಲ್ಲ. "ನನ್ ಗಂಟ್ಲಿಗೇನು ಬಾಡಿಗೆ ಕೊಡ್ಬೇಕಾ?" ಎನ್ನುತ್ತಿದ್ದರು.

ಗುರುತಿನ ನೋಂದಣಿಯ ಶಿಬಿರ ಬೀದಿಗೆ ಬಂದಾಗ ಮೇಜು ಹಾಕಲು ಅಗಲವಾದ ಜಾಗವೆಂದರೆ ಲಾಂಡ್ರಿಯೊಂದೇ. ಫೋಟೋ ತೆಗೆದರು, ಬೆರಳು ಒತ್ತಿಸಿದರು, ಕಣ್ಣು ಅಗಲಿಸಿದರು. ಎಲ್ಲ ಆಗಿ ಗುಮಾಸ್ತ ಕೇಳಿದ, "ಫೋನ್ ನಂಬರ್?"

ಸಾಲಿನಲ್ಲಿ ಮೊದಲು ನಿಂತಿದ್ದವನು ಛತ್ರಿ ಮಾವ. ಅವನ ಹತ್ತಿರ ಎಲ್ಲಿಯ ಫೋನು? ತಬ್ಬಿಬ್ಬಾಗಿ ಕತ್ತೆತ್ತಿದ. ಎದುರಿಗೆ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ನಂಬರೊಂದು ಕಂಡಿತು. ಓದಿ ಹೇಳಿಬಿಟ್ಟ.

ಅವನ ಹಿಂದೆ ಬಡಗಿ. "ನಂಬರ್?" ಬಡಗಿಯೂ ಕತ್ತೆತ್ತಿದ. ಅವನ ಹಿಂದೆ ನರ್ಸಕ್ಕ, ಅವಳ ಹಿಂದೆ ಅವಳ ತಾಯಿ.

ಗುಮಾಸ್ತ ಪೆನ್ನು ಕೆಳಗಿಟ್ಟ. "ಏನ್ರೀ ಇದು, ಎಲ್ಲರದೂ ಒಂದೇ ನಂಬರಾ?"

"ಹೌದು ಸಾರ್," ಅಂದ ಬಡಗಿ. "ಎಲ್ಲರದೂ ಒಂದೇ ಬೀದಿ."

ಗುಮಾಸ್ತನಿಗೆ ಊಟದ ಹೊತ್ತಾಗಿತ್ತು. ಬರೆದುಕೊಂಡ.

ಆಮೇಲೆ ಮನೆಮನೆಗೆ ಬಟ್ಟೆ ಒಗೆಯುವ ಮೆಷಿನ್ನು ಬಂತು, ಲಾಂಡ್ರಿ ಮುಚ್ಚಿತು, ಮಾವ ತೀರಿಕೊಂಡರು. ಕೂಗಲು ಏನೂ ಇಲ್ಲದೆ ಅತ್ತೆ ಕೆಲಕಾಲ ಕಿಟಕಿಯಲ್ಲಿ ಸುಮ್ಮನೆ ಕೂತಿದ್ದರಂತೆ. ಆಗ ಶುರುವಾಯಿತು. ರೇಷನ್ನಿಗೆ ಅಂಕೆ, ಪಿಂಚಣಿಗೆ ಅಂಕೆ, ಸ್ಕೂಲಿಗೆ ಸೇರಿಸಲು ಅಂಕೆ, ಬಸ್ಸಿನ ಪಾಸಿಗೆ ಅಂಕೆ. ಎಲ್ಲವೂ ಆ ಒಂದು ಫೋನಿಗೆ. ಹುಂಜ ಕೂಗಿದೊಡನೆ ಬೀದಿಯ ತುಂಬ ಪ್ರಶ್ನೆ: "ಯಾರದು? ಯಾರದು?" ಯಾರೋ "ನಂದು!" ಎಂದು ಓಡಿಬರುತ್ತಿದ್ದರು. ಅತ್ತೆ ಸರಳು ಹಿಡಿದು ಕೂಗುತ್ತಿದ್ದರು. ಆರಂಕಿಯಾದರೂ ರಾಗ ಹಳೆಯದೇ, ಕೊನೆಯ ಮಾತೂ ಹಳೆಯದೇ: "ಒಣಗಿದೆ, ತಗೊಂಡ್ ಹೋಗ್ರಪ್ಪೋ!"

ಕೇಂದ್ರದ ಮೇಡಂ ಒಮ್ಮೆ ಇದನ್ನು ಕಣ್ಣಾರೆ ಕಂಡು ಎದೆ ಹಿಡಿದುಕೊಂಡಿದ್ದಳು. "ಅಜ್ಜೀ! ಈ ಸಂಖ್ಯೆ ಯಾರಿಗೂ ಹೇಳಬಾರ್ದು ಅಂತ ಮೆಸೇಜಲ್ಲೇ ಬರ್ದಿದೆ!"

"ಬರ್ದಿರ್ಬೋದು ಮಗಳೇ," ಅಂದಿದ್ದರು ಅತ್ತೆ. "ನಂಗೆ ಓದೋಕೆ ಬರಲ್ವಲ್ಲ."

ಆಮೇಲಾಮೇಲೆ ಎಲ್ಲರ ಕೈಗೂ ಫೋನು ಬಂತು. ಆದರೆ ನಂಬರು ಬದಲಿಸಬೇಕಾದರೂ ಹಳೆಯ ನಂಬರಿಗೇ ಅಂಕೆ ಬರಬೇಕು, ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಯಾರಿಗೆ ಬೇಕಿತ್ತು ಆ ರಾಮಾಯಣ? ಕಿಟಕಿ ಇತ್ತು, ಬೀದಿಯವರು ಅಂಕೆ ಅಜ್ಜಿ ಎಂದೇ ಕರೆಯುತ್ತಿದ್ದ ಅತ್ತೆ ಇದ್ದರು. ನಾಳೆ ನೋಡಿದರಾಯಿತು ಎಂದು ಎಲ್ಲರೂ ಅಂದುಕೊಂಡರು. ನಾಳೆ ಎನ್ನುವವನ ಮನೆ ಹಾಳು ಎಂದು ಗಾದೆ ಹೇಳುವ ಬಾಯಿಗಳೂ ಹಾಗೇ ಅಂದುಕೊಂಡವು.

*

ಪೆಟ್ಟಿಗೆ ಹೊಸಿಲು ದಾಟುವಾಗ ಸೊಸೆಯ ಎದೆಯಲ್ಲಿ ಏನೋ ಹಗುರಾದಂತಾಯಿತು. ಅದನ್ನು ಗುರುತಿಸಿ ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಮದುವೆಯಾಗಿ ಬಂದಂದಿನಿಂದ ಆ ಕಿಟಕಿ ಅವಳಿಗೊಂದು ಹೊರೆ. ಒಲೆಯ ಮುಂದೆ ನಿಂತರೆ ಬೆನ್ನ ಹಿಂದೆ ಯಾವಾಗಲೂ ಯಾರದೋ ಮುಖ. ತಲೆ ಬಾಚಿಕೊಳ್ಳುವಾಗ ಒಬ್ಬರು, ಗಂಡನ ಜೊತೆ ಮುನಿಸಿಕೊಂಡಾಗ ಇಬ್ಬರು. ಎಷ್ಟು ಸಲ ಹಾಲು ಉಕ್ಕಿಲ್ಲ! ಒಂದು ದಿನ ರೇಗಿ, "ಈ ಕಿಟಕಿಗೆ ಇಟ್ಟಿಗೆ ಕಟ್ಟಿಸ್ಬಿಡಿ ಅತ್ತೆ, ನಂಗೊಂದು ಗೋಡೆ ಬೇಕು" ಎಂದುಬಿಟ್ಟಿದ್ದಳು. ಅತ್ತೆ ಬೈದಿರಲಿಲ್ಲ. "ಗೋಡೆ ನಾಲ್ಕಿವೆಯಲ್ಲಮ್ಮ," ಅಂದಿದ್ದರು ಅಷ್ಟೇ.

ಇನ್ನು ಕಿಟಕಿ ಮುಚ್ಚಬಹುದು. ಪರದೆ ಹಾಕಬಹುದು. ಆ ನೆಮ್ಮದಿಯ ಹಿಂದೆಯೇ ಛತ್ರಿ ಮಾವನ ಮಂಜುಗಣ್ಣು ಬಂದು ನಿಂತಿತು. ಫೋನು ಸಿಗದಿದ್ದರೆ ಆ ಕಣ್ಣು ಹೋದಂತೆಯೇ. ಹೋದರೆ, ತಾನು ಬಯಸಿದ ಗೋಡೆ ಅದರ ಮೇಲೇ ಎದ್ದಂತೆ.

ಪೆಟ್ಟಿಗೆ ಹೊತ್ತವರು ನಾಲ್ಕು ಮಂದಿ. ಮುಂದೆ ಗಂಡ ಮತ್ತು ಬಡಗಿ. ಜನ ಹಿಂದೆ ಹಿಂದೆ. ನರ್ಸಕ್ಕ ಸೊಸೆಯ ಪಕ್ಕದಲ್ಲಿ ನಡೆಯುತ್ತಿದ್ದಳು.

"ಒಳ್ಳೇ ಸಾವು ಕಣೇ," ಅಂದಳು ನರ್ಸಕ್ಕ. "ಕಿಟಕೀಲಿ ಕೂತು, ಸರಳಿಗೆ ತಲೆಯಿಟ್ಟು. ಎಷ್ಟು ಸಾವು ನೋಡಿದೀನಿ ನಾನು, ಇಷ್ಟು ಹಗುರಾಗಿ ಹೋದೋರು ಕಮ್ಮಿ."

"ಹೂಂ ಅಕ್ಕ."

"ಅಲ್ಲಾ, ಒಂದು ಮಾತು ಕೇಳ್ಬೇಕು ಅಂತಿದ್ದೆ. ಇವತ್ತು ಕೇಳ್ಬಾರ್ದು. ಅಜ್ಜಿ ಫೋನು..."

"ಸಿಕ್ತಿಲ್ಲ ಅಕ್ಕ," ಸೊಸೆಯ ದನಿ ಒಡೆಯಿತು. "ನಿನ್ನೆಯಿಂದ ಹುಡುಕ್ತಿದೀನಿ."

"ಅಯ್ಯೋ, ನಿಂಗೂ ಅದೇ ಚಿಂತೆಯಾ? ಇಡೀ ಬೀದಿಗೇ ಅದೇ ಚಿಂತೆ ಕಣೇ, ಯಾರೂ ಬಾಯಿಬಿಡ್ತಿಲ್ಲ ಅಷ್ಟೆ. ಬಡಗಿಯಣ್ಣ ಬೆಳಿಗ್ಗೆಯಿಂದ ಮೂರ್ಸಲ ಅಜ್ಜಿ ಹಾಸಿಗೆ ಕೆಳಗೆ ಬಗ್ಗಿ ನೋಡಿದ. ಕೇಳಿದ್ರೆ ಅಳತೆ ತಗೋತಿದೀನಿ ಅಂದ!"

ಸೊಸೆಗೆ ನಗು ಬಂತು, ಅಳುವಿನ ಜೊತೆಗೇ ಬಂತು. ಸೆರಗಿಲ್ಲದ ಉಡುಪಿನ ತೋಳಿನಿಂದ ಎರಡನ್ನೂ ಒರೆಸಿಕೊಂಡಳು.

ಆಗಲೇ ಹುಂಜ ಕೂಗಿತು.

ಕೊಕ್ಕೊಕ್ಕೋ ಎಂದು, ಗಟ್ಟಿಯಾಗಿ, ಪೆಟ್ಟಿಗೆಯ ಒಳಗಿಂದ.

ಹಿಂದಿನ ಹೆಗಲುಗಳು ಜಗ್ಗಿದವು. "ಎದ್ಲಪ್ಪೋ!" ಎಂದು ಯಾರೋ ಚೀರಿದರು. ಬಡಗಿ ಕಾಲು ತಡವರಿಸಿ, "ಬಿಡ್ಬೇಡ್ರೋ, ಗಟ್ಟಿಯಾಗ್ ಹಿಡ್ಕೊಳ್ರೋ!" ಎಂದ. ಪೆಟ್ಟಿಗೆ ಒಮ್ಮೆ ವಾಲಿ ನೆಟ್ಟಗಾಯಿತು. ಹಳೆಯ ಅಭ್ಯಾಸದಂತೆ, ಹಿಂದಿನಿಂದ ಒಂದು ದನಿ ಬಂತು. "ಯಾರದು?"

"ನಂದು," ಅಂದ ಛತ್ರಿ ಮಾವ, ತಪ್ಪು ಮಾಡಿದ ಮಗುವಿನ ಹಾಗೆ.

ಸೊಸೆಗೆ ಆಗ ಹೊಳೆಯಿತು. ನಿನ್ನೆ ಅತ್ತೆಗೆ ಮೀಯಿಸಿ ಬಟ್ಟೆ ತೊಡಿಸಿದ್ದು ಅವಳೂ ನರ್ಸಕ್ಕನೂ. ಎಲ್ಲ ಆದ ಮೇಲೂ ಏನೋ ಕೊರತೆ ಎನಿಸಿತ್ತು; ಅತ್ತೆ ಅತ್ತೆಯ ಹಾಗೆ ಕಾಣುತ್ತಿರಲಿಲ್ಲ. ಮೊಳೆಗೆ ನೇತುಹಾಕಿದ್ದ ಬಟ್ಟೆಯ ಚೀಲವನ್ನು ತೆಗೆದು, ದಿನಾ ಬೆಳಿಗ್ಗೆ ಕಟ್ಟಿಕೊಡುತ್ತಿದ್ದ ಹಾಗೆಯೇ ಸೊಂಟಕ್ಕೆ ಕಟ್ಟಿದ್ದಳು. ಗಂಟು ಹಾಕಿದಾಗ ಅತ್ತೆ ಪೂರ್ತಿಯಾಗಿದ್ದರು. ಕೈಗೆ ಅಭ್ಯಾಸವಾದ ಕೆಲಸ. ಒಳಗೇನಿದೆ ಎಂದು ಕಣ್ಣೀರಿನಲ್ಲಿ ಕೈಯೂ ಕೇಳಿರಲಿಲ್ಲ, ಕಣ್ಣೂ ಕೇಳಿರಲಿಲ್ಲ.

"ರೀ, ಇಳಿಸಿ," ಅಂದಳು. "ಫೋನು ಒಳಗಿದೆ. ನಾನೇ ಕಟ್ಟಿದ್ದು."

ಗಂಡ ತಿರುಗಲಿಲ್ಲ. "ಮುಚ್ಚಿದ ಮುಚ್ಚಳ ತೆಗೆಯೋದಾ? ನಡುಬೀದೀಲಿ? ಅಮ್ಮನ್ನ ನೆಮ್ಮದಿಯಾಗಿ ಹೋಗೋಕೆ ಬಿಡಿ."

"ಹೌದಮ್ಮ, ಬೇಡ," ಛತ್ರಿ ಮಾವ ಎರಡೂ ಕೈ ಅಡ್ಡ ಆಡಿಸಿದ. "ನನ್ ಕಣ್ಣಿಗಾಗಿ ಅಕ್ಕನ ನಿದ್ದೆ ಕೆಡಿಸ್ಬೇಡಿ. ಇನ್ನೇನು ನೋಡ್ಬೇಕಾಗಿದೆ ನಾನು? ನೋಡೋದೆಲ್ಲ ನೋಡಿಯಾಯ್ತು."

"ಸುಮ್ನಿರಿ ಮಾವ!" ಸೊಸೆ ಗಂಡನ ಎದುರಿಗೆ ಹೋಗಿ ನಿಂತಳು. ಇಡೀ ಬೀದಿ ನೋಡುತ್ತಿತ್ತು, ನೋಡಲಿ. "ಅತ್ತೆ ಯಾರನ್ನಾದ್ರೂ ಕಿಟಕಿ ಹತ್ರ ನಿಲ್ಸಿ ಬರಿಗೈಲಿ ಕಳ್ಸಿದ್ದು ನೋಡಿದೀರಾ ನೀವು? ಒಂದ್ಸಲ? ಇವ್ರಿಗೆ ಕೊಡ್ತೀನಿ ಅಂದಿದಾರೆ. ಕೊಡದೆ ಹೋದ್ರೆ ಅದೆಂಥಾ ನೆಮ್ಮದಿ?"

ಗಂಡನ ಹೆಗಲು ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡಳು. ಅವನು ನಗುತ್ತಿದ್ದ.

"ಊಟಕ್ಕೆ ಕೂತಿರೋಳು," ಅಂದ. "ತುತ್ತು ಬಾಯಲ್ಲಿರೋದು. ಹುಂಜ ಕೂಗಿದ್ರೆ ತಟ್ಟೆ ಬಿಟ್ಟು ಏಳೋಳು. ನಮ್ಮಪ್ಪ ಇದ್ದಿದ್ರೆ ಪೆಟ್ಟಿಗೆಯಿಂದ್ಲೂ ಎದ್ಲು ನೋಡು ಅಂತಿದ್ದ. ಇಳಿಸ್ರಪ್ಪ. ಲಾಂಡ್ರಿ ಕಟ್ಟೆ ಮೇಲೆ ಇಳಿಸಿ."

*

ಲಾಂಡ್ರಿಯ ಕಟ್ಟೆ ಕಲ್ಲಿನದು. ಬಟ್ಟೆಯ ಗಂಟುಗಳು ಉಜ್ಜಿ ಉಜ್ಜಿ ನುಣುಪಾದದ್ದು. ಪೆಟ್ಟಿಗೆ ಅದರ ಮೇಲೆ, ನೀಲಿ ನಂಬರಿನ ಕೆಳಗೆ ಕೂತಿತು.

"ತಿರುಪುಳಿ ಎಲ್ಲೋ?" ಬಡಗಿ ಜೇಬು ಮುಟ್ಟಿಕೊಂಡ. "ಅಯ್ಯೋ, ಸಾಮಾನಿನ ಚೀಲದ ಜೊತೆ ಮನೆಗೆ ಕಳಿಸ್ಬಿಟ್ಟೆ!"

"ಪೆಟ್ಟಿಗೆ ಹೊರೋನು ಜೇಬಲ್ಲಿ ತಿರುಪುಳಿ ಇಟ್ಕೋತಾನೇನೋ," ಎಂದು ಯಾರೋ ಅವನ ಪರ ವಹಿಸಿದರು.

ಛತ್ರಿ ಮಾವ ಜೇಬಿನಿಂದ ಸಣ್ಣದೊಂದು ತಿರುಪುಳಿ ತೆಗೆದ. ಕೊಡೆಯ ಹಿಡಿ ಬಿಚ್ಚುವುದು. ಅದಿಲ್ಲದೆ ಅವನು ಎಲ್ಲಿಗೂ ಹೋಗುತ್ತಿರಲಿಲ್ಲ. ಬಡಗಿ ಕೈ ಚಾಚಿದರೂ ಕೊಡದೆ ತಾನೇ ಬಗ್ಗಿದ. ತುದಿ ಮರದ ಮೇಲೆ ಜಾರಿತು, ಮತ್ತೆ ಜಾರಿತು. ತಿರುಪಿನ ಸೀಳು ಅವನಿಗೆ ಕಾಣುತ್ತಿರಲಿಲ್ಲ. ಸೊಸೆ ಅವನ ಬೆರಳು ಹಿಡಿದು ಸೀಳಿಗೆ ಕೂಡಿಸಿದಳು. ಆ ಮೇಲೆ ಅವನಿಗೆ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ಅವಳು ಕೂಡಿಸುವುದು, ಅವನು ತಿರುವುವುದು. ಮುಚ್ಚಳದ ಸುತ್ತ ಇಬ್ಬರೂ ಹೀಗೇ ಒಂದು ಸುತ್ತು ಬಂದರು.

ಮುಚ್ಚಳ ಸರಿಯಿತು. ಅತ್ತೆ ಇದ್ದ ಹಾಗೇ ಇದ್ದರು. ತುಟಿ ಸ್ವಲ್ಪ ತೆರೆದಿತ್ತು, ಕೂಗಲು ಉಸಿರು ತೆಗೆದುಕೊಂಡವರ ಹಾಗೆ. ಸೊಸೆ ಸೊಂಟದ ಗಂಟು ಬಿಚ್ಚಿ ಚೀಲದಿಂದ ಫೋನು ತೆಗೆದಳು. ಅದಕ್ಕೆ ಬೀಗವಿರಲಿಲ್ಲ. "ಬೀಗ ಹಾಕಿದ್ರೆ ನಂಗೇ ಮರ್ತೋಗುತ್ತೆ" ಎಂದು ಅತ್ತೆ ಹಾಕಿಸಿಕೊಂಡಿರಲಿಲ್ಲ. ಬ್ಯಾಟರಿಯ ಗೆರೆ ತಳ ಮುಟ್ಟಿ ಕೆಂಪಾಗಿತ್ತು.

ಅಷ್ಟರಲ್ಲಿ ಛತ್ರಿ ಮಾವನ ಜೇಬಿನಲ್ಲಿ ಅವನ ಫೋನು ಗುನುಗಿತು. ನರ್ಸಕ್ಕ ಅದನ್ನು ಒತ್ತಿ ಎಲ್ಲರಿಗೂ ಕೇಳುವಂತೆ ಹಿಡಿದಳು. ಕೇಂದ್ರದ ಮೇಡಂ.

"ಮಾವ, ಎಲ್ಲಿದೀರಾ? ಕಳ್ಸಿದ್ದ ಅಂಕೇದು ಅವಧಿ ಮುಗೀತು. ಮಣ್ಣಿಗೆ ಬರೋಕಾಗ್ಲಿಲ್ಲ ಅಂತ ನಂಗೂ ಸಂಕಟ, ಕುರ್ಚಿ ಬಿಟ್ಟು ಏಳೋ ಹಾಗಿಲ್ಲ. ಇನ್ನೇನು ಇವತ್ತಿನ ಪಟ್ಟಿ ಮುಚ್ಚುತ್ತೆ. ಫೋನ್ ಸಿಕ್ತಾ?"

"ಸಿಕ್ತು ಮೇಡಂ," ಸೊಸೆ ಕೂಗಿ ಹೇಳಿದಳು. "ಇನ್ನೊಂದ್ಸಲ ಕಳ್ಸಿ."

"ಕಳ್ಸಿದೆ."

ಎಲ್ಲರೂ ಫೋನನ್ನೇ ನೋಡಿದರು. ಏನೂ ಬರಲಿಲ್ಲ. ಬಿಸಿಲು ಕಟ್ಟೆಯ ಅಂಚಿಗೆ ಬಂದಿತ್ತು. ಒಂದು ನಾಯಿ ಬಂದು ಪೆಟ್ಟಿಗೆಯ ನೆರಳಿನಲ್ಲಿ ಮಲಗಿತು. ಯಾರೂ ಓಡಿಸಲಿಲ್ಲ.

"ಕಿಟಕಿ!" ಅಂದ ಗಂಡ ಇದ್ದಕ್ಕಿದ್ದಂತೆ. "ಅಮ್ಮ ಎಡಗಡೆ ಸರಳಿಗೆ ಒತ್ತಿ ಹಿಡೀತಿದ್ಲು. ಮನೆ ಹತ್ರ ಅಲ್ಲೊಂದೇ ಕಡೆ ಸಿಗ್ನಲ್ ಬರೋದು!"

ಸೊಸೆ ಹಾರಿ ಹೋಗಿ, ಹೊರಗಿನಿಂದ, ತಾನು ಎಂದೂ ನಿಲ್ಲದ ಕಡೆಯಿಂದ, ಫೋನನ್ನು ಎಡಗಡೆಯ ಸರಳಿಗೆ ಒತ್ತಿದಳು. ಒಳಗೆ ಒಲೆ, ತೆರೆದೇ ಬಿಟ್ಟಿದ್ದ ಹಿಟ್ಟಿನ ಡಬ್ಬಿ, ಅತ್ತೆಯ ಕುರ್ಚಿ. ಇಷ್ಟು ವರ್ಷ ತನ್ನ ಬೆನ್ನು ಇವರಿಗೆಲ್ಲ ಕಂಡದ್ದು ಹೀಗೆ!

ಹುಂಜ ಕೂಗಿತು.

ಪರದೆಯ ಮೇಲೆ ಅಕ್ಷರಗಳ ಸಾಲು, ನಡುವೆ ಅಂಕೆ. ಓದುವ ಮೊದಲೇ ಅವಳ ಹೆಬ್ಬೆರಳು ಅಕ್ಷರಗಳ ಮೇಲೆ ಹೋಗಿ ಕೂತಿತು. ಮದುವೆಯಾದ ಹೊಸತರಲ್ಲಿ ಅತ್ತೆ ಕಲಿಸಿದ ಮೊದಲ ಪಾಠ ಅದು. ಒಂದು ದಿನ ಯಾರದೋ ಮೆಸೇಜನ್ನು ಅವಳು ಸಹಾಯವೆಂದು ಓದಹೊರಟಾಗ ಅತ್ತೆ ಕೈ ಹಿಡಿದಿದ್ದರು. "ಅಂಕೆ ಮಾತ್ರ ನೋಡಮ್ಮ. ಅಂಕೆ ಕೂಗೋದು ನಮ್ಮ ಕೆಲ್ಸ. ಅಕ್ಷರ ಅವರವರದು. ಒಬ್ರ ಬಟ್ಟೆ ಒಗೀತೀವಿ, ಜೇಬು ನೋಡಲ್ಲ." ಅಕ್ಷರ ಬರದ ಅತ್ತೆಗೆ ಅದೇನು ದೊಡ್ಡದು, ಬರುವ ತನಗೆ ತಾನೆ ಕಷ್ಟ ಎಂದು ಅವಳು ಆಗ ಒಳಗೊಳಗೇ ಗೊಣಗಿದ್ದಳು.

"ಮೂರು," ಅಂದಳು. "ಒಂಬತ್ತು... ಸೊನ್ನೆ... ಒಂಬತ್ತು, ಎರಡು, ಆರು."

ಛತ್ರಿ ಮಾವ ಒಂದೊಂದನ್ನೂ ತನ್ನ ಫೋನಿಗೆ ತಿರುಗಿ ಹೇಳಿದ, ನಿಧಾನವಾಗಿ, ತುಂಬಿದ ಕೊಡ ಹೊತ್ತವನ ಹಾಗೆ. ಆ ಕಡೆ ಗುಂಡಿ ಒತ್ತುವ ಸದ್ದು. ಆಮೇಲೆ:

"ಆಯ್ತು ಮಾವ! ಹಸಿರು ಬಂತು! ನಾಳೆ ಬೆಳಿಗ್ಗೆ ಬರೀ ಹೊಟ್ಟೇಲಿ ಆಸ್ಪತ್ರೆಗೆ ಹೋಗಿ."

ಬೀದಿ ಒಂದೇ ಸಲ ಉಸಿರು ಬಿಟ್ಟಿತು. ಬಡಗಿ ಕಟ್ಟೆಯ ಮೇಲೆ ಕುಸಿದು ಕೂತ. ನರ್ಸಕ್ಕ ನಕ್ಕಳು, ಅವಳ ಹಿಂದೆ ಇನ್ನೊಬ್ಬರು, ಆಮೇಲೆ ತಡೆಯಲಾಗದೆ ಎಲ್ಲರೂ. ಸಾವಿನ ಮೆರವಣಿಗೆಯಲ್ಲಿ ನಗುತ್ತಿದ್ದೇವೆಂದು ಒಬ್ಬರಿಗೂ ಕೆಡುಕೆನಿಸಲಿಲ್ಲ. ಛತ್ರಿ ಮಾವ ಮಾತ್ರ ನಗಲಿಲ್ಲ. ಪೆಟ್ಟಿಗೆಯ ಅಂಚನ್ನು ಸವರುತ್ತ ನಿಂತಿದ್ದ.

"ಕೊಟ್ಬಿಟ್ಯಲ್ಲಕ್ಕ," ಅಂದ. "ಹೋಗ್ತಾ ಹೋಗ್ತಾ."

"ಅಲ್ಲಾ..." ಬಡಗಿ ಕೆಮ್ಮಿದ. "ಹೇಗೂ ಮುಚ್ಚಳ ತೆಗ್ದಿದೆ. ನಂದೂ ಒಂದು ಲೈಸೆನ್ಸಿಂದು..."

"ಲೈನಲ್ಲಿ ಬಾರಣ್ಣ," ಅಂದ ಗಂಡ ಕಣ್ಣೊರೆಸಿಕೊಳ್ಳುತ್ತ. "ಮೊದ್ಲು ಅಮ್ಮನ್ನ ಬಿಟ್ಟು ಬರೋಣ."

ಫೋನನ್ನು ಎಲ್ಲಿಡುವುದೆಂದು ಸೊಸೆಗೆ ತಿಳಿಯಲಿಲ್ಲ. ಅವಳ ಉಡುಪಿಗೆ ಜೇಬಿರಲಿಲ್ಲ. ಬಟ್ಟೆಯ ಚೀಲವನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಮುಚ್ಚಳ ಮುಚ್ಚುವ ಮೊದಲು ಅತ್ತೆಯ ತುಟಿಯನ್ನು ಬೆರಳಿನಿಂದ ಮೆಲ್ಲನೆ ಕೂಡಿಸಿದಳು. ನಿನ್ನೆ ಎಷ್ಟು ಕೂಡಿಸಿದರೂ ನಿಲ್ಲದಿದ್ದದ್ದು ಈ ಸಲ ಮುಚ್ಚಿಕೊಂಡಿತು.

*

ಮಣ್ಣು ಮುಗಿಸಿ, ಕೈಕಾಲು ತೊಳೆದು, ಎಲ್ಲರೂ ಮತ್ತೆ ಬೀದಿಗೆ ಬಂದಾಗ ಸಂಜೆಯ ಬಿಸಿಲು ಕಿಟಕಿಯಲ್ಲಿತ್ತು. ಕೇಂದ್ರದ ಮೇಡಂ ಕೆಲಸ ಮುಗಿಸಿಕೊಂಡು ತನ್ನ ಲ್ಯಾಪ್‌ಟಾಪಿನ ಚೀಲದೊಂದಿಗೆ ಬಂದಿದ್ದಳು. ಅತ್ತೆಯ ಕುರ್ಚಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕೂತಳು.

"ಎಷ್ಟು ಬೈದಿದ್ದೆ ಅಜ್ಜಿಗೆ," ಅಂದಳು. "ಒಂದಿನಾನೂ ನನ್ ಮಾತು ಕೇಳ್ಲಿಲ್ಲ. ಒಂದಿನಾನೂ ಒಂದು ಅಂಕೆ ತಪ್ಪು ಹೇಳ್ಲಿಲ್ಲ."

"ಇನ್ಮೇಲೆ ಹೇಗೆ ಮೇಡಂ?" ನರ್ಸಕ್ಕ ಕೇಳಿದಳು.

"ಹೇಗೂ ಇಲ್ಲ. ಈ ವಾರ ನಾನೇ ಯಂತ್ರ ತಂದು ಲಾಂಡ್ರೀಲಿ ಕೂರ್ತೀನಿ. ಎಲ್ರೂ ಅವರವರ ನಂಬರ್ ಹಾಕಿಸ್ಕೊಳ್ಳಿ. ಹಳೇ ನಂಬರಿಗೆ ಒಂದೊಂದು ಅಂಕೆ ಬರುತ್ತೆ, ಅಜ್ಜಿ ಸೊಸೆ ಹೇಳ್ತಾರೆ. ಅಷ್ಟಾದ್ರೆ ಮುಗೀತು." ಅವಳು ಸೊಸೆಯ ಕಡೆ ತಿರುಗಿದಳು. "ನಿಮ್ಗೂ ನಿರಾಳ."

"ಹೂಂ," ಅಂದಳು ಸೊಸೆ. ನಿಜವಾಗಿಯೂ ನಿರಾಳವೆನಿಸಿತು. ಮಧ್ಯಾಹ್ನದ ಹಾಗೆ ಅದರ ಒಳಗೆ ಮುಳ್ಳಿರಲಿಲ್ಲ.

"ಅಜ್ಜಿದು ಮರಣ ದಾಖಲೆ ಇವತ್ತೇ ಹಾಕ್ಬಿಡ್ಲಾ? ಹೇಗೂ ಬಂದಿದೀನಿ." ಮೇಡಂ ಗುಂಡಿಗಳನ್ನು ಒತ್ತುತ್ತ ಹೋದಳು. ನಡುವೆ ನಿಲ್ಲಿಸಿ ತುಟಿ ಕಚ್ಚಿದಳು. "ಒಂದು ಇದೆ. ದೃಢೀಕರಣಕ್ಕೆ ಅವರ ನಂಬರಿಗೇ ಅಂಕೆ ಹೋಗುತ್ತೆ."

"ಸತ್ತೋರನ್ನೇ ಕೇಳ್ತಾರಾ, ನೀವು ಸತ್ತಿದ್ದು ಹೌದಾ ಅಂತ?" ಕಿಟಕಿಯಾಚೆಯಿಂದ ಛತ್ರಿ ಮಾವ.

"ಕಂಪ್ಯೂಟರು ಎಲ್ರನ್ನೂ ಕೇಳುತ್ತೆ ಮಾವ. ಅದಕ್ಕೆ ಭೇದ ಇಲ್ಲ."

ಚಾರ್ಜಿಗೆ ಹಾಕಿದ್ದ ಫೋನನ್ನು ಸೊಸೆ ಕಿತ್ತು ತಂದಳು. ಎಡಗಡೆಯ ಸರಳಿಗೆ ಒತ್ತಿ ಹಿಡಿದಳು, ಈ ಸಲ ಒಳಗಿನಿಂದ. ಬೀದಿಯಲ್ಲಿ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಮನೆಗಳ ಬಾಗಿಲು ತೆರೆದಿದ್ದವು.

ಹುಂಜ ಕೂಗಿತು.

"ಯಾರದು?" ಬೀದಿಯ ಆ ಕೊನೆಯಿಂದ ಬಡಗಿಯ ದನಿ. "ಯಾರದು?" ನರ್ಸಕ್ಕನ ತಾಯಿಯ ದನಿ.

ಸೊಸೆ ಗಂಡನ ಮುಖ ನೋಡಿದಳು. ಅವನು ಅತ್ತೆಯ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

"ಅತ್ತೇದು!" ಎಂದು ಕೂಗಿದಳು.

ಬೀದಿ ಕಿವಿಯಾಯಿತು. ಅವಳು ಅಕ್ಷರಗಳ ಮೇಲೆ ಹೆಬ್ಬೆರಳಿಟ್ಟಳು. ಅಲ್ಲಿ ಏನು ಬರೆದಿತ್ತೋ, ಅದು ಅತ್ತೆಯದು. ಸರಳು ಹಿಡಿದು, ಕತ್ತೆತ್ತಿ, ತನಗೇ ಗೊತ್ತಿಲ್ಲದ ರಾಗದಲ್ಲಿ, "ಎಂಟೂ... ಒಂದೂ..." ಎಂದು ಶುರುಮಾಡಿದಳು. ಪಕ್ಕದಲ್ಲೇ ಕೂತಿದ್ದ ಮೇಡಂಗೆ ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ. ಬಾಗಿಲುಗಳಲ್ಲಿ ನಿಂತವರಿಗೆ ಆ ಅಂಕೆಯ ಅಗತ್ಯವೂ ಇರಲಿಲ್ಲ. ಆದರೂ ಬಡಗಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ಬಾಗಿಲ ಚೌಕಟ್ಟಿನ ಮೇಲೆ ಬರೆದುಕೊಂಡ. ನರ್ಸಕ್ಕ ಅಂಗೈಗೆ ಬರೆದುಕೊಂಡಳು. ಛತ್ರಿ ಮಾವ ಸೀಮೆಸುಣ್ಣದ ಚೂರು ತೆಗೆದು, ಕಂಕುಳಲ್ಲಿದ್ದ ಕಪ್ಪು ಕೊಡೆಯನ್ನು ಬಿಚ್ಚಿ, ಅದರ ಬಟ್ಟೆಯ ಮೇಲೆ, ಕಣ್ಣಿನ ಪಟ್ಟಿ ಬಿಚ್ಚಿದಾಗ ಕಾಣುವಷ್ಟು ದೊಡ್ಡದಾಗಿ ಒಂದೊಂದೇ ಅಂಕೆ ಬರೆಯುತ್ತ ಹೋದ.

ಕೊನೆಯ ಅಂಕೆ ಹೇಳಿ ಸೊಸೆ ಉಸಿರು ತೆಗೆದುಕೊಂಡಳು.

"ಒಣಗಿದೆ, ತಗೊಂಡ್ ಹೋಗ್ರಪ್ಪೋ!"